ಡಬ್ಬಿ ಮುಚ್ಚೋ ಮುಂಚೆ

ಬಿಟಿಎಂ ಲೇಔಟ್ ಸೆಕೆಂಡ್ ಸ್ಟೇಜ್‌ನಲ್ಲಿ ಒಂದು ಬಾಡಿಗೆ ಮನೆ. ಪಾಸಾಗಿ ಕೆಲಸಕ್ಕೆ ಸೇರಿರೋ ನಮ್ಮ ಸೀನಿಯರ್‌ಗಳು ಮೂವರು ಅಲ್ಲಿದ್ದಾರೆ. ಹೋದ ಏಪ್ರಿಲ್‌ನ ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ವಿ. ಅಡುಗೆಮನೆಯಿಂದ ಢಂ ಅಂತ ಸದ್ದು. ಕೆಳಗಿನಿಂದ ಓನರ್ ಆಂಟಿ "ಏನ್ರಪ್ಪಾ ಅದು, ಸಿಲಿಂಡರಾ?" ಅಂತ ಕೂಗಿದ್ರು. ಸಿಲಿಂಡರ್ ಅಲ್ಲ. ಸಿಂಕ್ ಕೆಳಗೆ ಸಾಲಾಗಿ ಇಟ್ಟಿದ್ದ ಗಾಜಿನ ಬಾಟಲಿಗಳಲ್ಲಿ ಒಂದು ಸಿಡಿದಿತ್ತು. ಒಳಗಿದ್ದದ್ದು ಅವರೇ ಮನೆಯಲ್ಲಿ ಕುದಿಸಿ, ಯೀಸ್ಟ್ ಹಾಕಿ, ತುಂಬಿಟ್ಟಿದ್ದ ಬಿಯರ್. ಉಳಿದದ್ದನ್ನ ಆಚೆ ಸಾಗಿಸೋಣ ಅಂತ ಒಬ್ಬ ಅಣ್ಣ ಇನ್ನೊಂದು ಬಾಟಲಿ ಎತ್ತಿಕೊಂಡರು. ಅದು ಅವರ ಕೈಯಲ್ಲೇ ಒಡೀತು.

ಜಯನಗರದ ಒಂದು ಕ್ಲಿನಿಕ್‌ಗೆ ಓಡಿದ್ವಿ. ಡಾಕ್ಟರ್ "ಏನಾಯ್ತು?" ಅಂದರು. ಇಂಜಿನಿಯರಿಂಗ್ ಓದಿದವರು, ಓದ್ತಿರೋರು ಎಲ್ಲಾ ಸೇರಿ ಒಂದೇ ಸುಳ್ಳು ಹೇಳಿದ್ವಿ: "ತಗಡು ತಾಗ್ತು ಡಾಕ್ಟ್ರೇ." ತಗಡು ಅಂದಮೇಲೆ ಗಾಯದೊಳಗೆ ಗಾಜನ್ನ ಯಾರು ಹುಡುಕ್ತಾರೆ? ತೊಳೆದು, ಹೊಲಿಗೆ ಹಾಕಿ, ಟಿಟಿ ಕೊಟ್ಟು ಕಳಿಸಿದರು. ಹತ್ತು ದಿನವಾದರೂ ನೋವು ಇಳೀಲಿಲ್ಲ. ಎಕ್ಸ್‌ರೇ ತೆಗೆಸಿದಾಗ ಹೆಬ್ಬೆರಳ ಬುಡದಲ್ಲಿ ಅಕ್ಕಿಕಾಳಿನಷ್ಟು ಗಾಜು. ಡಾಕ್ಟರ್ ಮಾಡಿದ ತಪ್ಪಲ್ಲ ಅದು, ನಾವು ಹೇಳಿದ ಸುಳ್ಳಿನದ್ದು.

ಸುಳ್ಳು ಯಾಕೆ ಹೇಳಿದ್ವಿ ಅಂದ್ರೆ, ಭಯ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋ ಹಾಗಿಲ್ಲ, ಮಾಡಿದರೆ ಜೈಲು ಶಿಕ್ಷೆಯೂ ಇದೆ. ಮಾರೋಕಲ್ಲ, ನಾವೇ ಕುಡಿಯೋಕೆ ಅಂದರೂ ಬಿಯರ್‌ಗೆ ರಿಯಾಯಿತಿ ಇಲ್ಲ. ಜೆಪಿ ನಗರದಲ್ಲಿ ಮೈಕ್ರೋಬ್ರೂವರಿಯಲ್ಲಿ ಕೂತು ಗಾಜಿನ ಗೋಡೆ ಆಚೆಗಿನ ಟ್ಯಾಂಕ್ ನೋಡ್ತಾ ಕುಡಿಯಬಹುದು, ಅದೇ ಕೆಲಸವನ್ನ ಇಪ್ಪತ್ತು ಲೀಟರ್ ಪಾತ್ರೆಯಲ್ಲಿ ಮನೆಯಲ್ಲಿ ಮಾಡಿದರೆ ಅಪರಾಧ.

ಈಗ ವಿಷಯಕ್ಕೆ ಬರ್ತೀವಿ. ಕೈಗೆ ಪಟ್ಟಿ ಕಟ್ಟಿಕೊಂಡೇ ಆ ಅಣ್ಣ ಹೇಳಿದ್ದು: "ಗಾಜಿನ ಸಹವಾಸ ಬೇಡ, ಇನ್ಮೇಲೆ ಕ್ಯಾನ್." ಸ್ವಲ್ಪ ದಿನಕ್ಕೆ ಕೈಯಲ್ಲಿ ತಿರುಗಿಸೋ ಒಂದು ಸೀಮರ್ ಮನೆಗೆ ಬಂತು. ಡಬ್ಬಿಯ ಅಂಚನ್ನೂ ಮುಚ್ಚಳದ ಅಂಚನ್ನೂ ಒಂದರೊಳಗೊಂದು ಮಡಚಿ ಒತ್ತೋ ಮಷೀನ್ ಅದು. ಮೊದಲ ರೋಲರ್ ಮಡಚುತ್ತೆ, ಎರಡನೇದು ಚಪ್ಪಟೆ ಮಾಡುತ್ತೆ. ಮಡಿಕೆಯನ್ನ ಅಡ್ಡ ಕೊಯ್ದು ನೋಡಿದರೆ ಐದು ಪದರ ಲೋಹ. ಮೆಕ್ಯಾನಿಕಲ್‌ನವರಾಗಿ ಒಪ್ಪಿಕೊಳ್ತೀವಿ, ನೋಡೋಕೆ ಬಹಳ ಚೆಂದ. ಕ್ಯಾನ್‌ನ ಗುಣಗಳೂ ಸುಳ್ಳಲ್ಲ. ಬೆಳಕು ಒಳಗೆ ಹೋಗಲ್ಲ, ಹಾಗಾಗಿ ಬಿಸಿಲು ಬಿದ್ದ ಬಾಟಲಿ ಬಿಯರ್‌ಗೆ ಬರೋ ಕೆಟ್ಟ ವಾಸನೆ ಇದಕ್ಕೆ ಬರಲ್ಲ. ತೂಕ ಕಡಿಮೆ, ಬೇಗ ತಣ್ಣಗಾಗುತ್ತೆ. ಅಮೆರಿಕದಲ್ಲಿ 1935ರಿಂದ ಬಿಯರ್ ಕ್ಯಾನ್‌ನಲ್ಲಿ ಮಾರಾಟ ಆಗ್ತಿದೆ.

ಆದರೆ ಬಾಟಲಿ ಒಡೆದದ್ದು ಅದು ಗಾಜು ಅನ್ನೋ ಕಾರಣಕ್ಕಲ್ಲ. ಹುದುಗೋದು ಮುಗಿಯೋ ಮುಂಚೆ ಮುಚ್ಚಿದ್ದಕ್ಕೆ. ದೋಸೆ ಹಿಟ್ಟು ಉಬ್ಬುತ್ತಿರುವಾಗ ಪಾತ್ರೆಗೆ ಕುಕ್ಕರ್ ಮುಚ್ಚಳ ಹಾಕಿ ಬಿಗೀತಾರಾ ನಮ್ಮ ಅಮ್ಮಂದಿರು?

ಲೆಕ್ಕ ಹಾಕಿ ನೋಡಿ. ಒಂದು ಲೀಟರ್‌ನಲ್ಲಿ 4 ಗ್ರಾಂ ಸಕ್ಕರೆಯನ್ನ ಯೀಸ್ಟ್ ತಿಂದರೆ ಸುಮಾರು 2 ಗ್ರಾಂ ಕಾರ್ಬನ್ ಡೈಆಕ್ಸೈಡ್, ಅಂದರೆ ಹತ್ತಿರ ಹತ್ತಿರ ಒಂದು ಲೀಟರ್ ಗ್ಯಾಸ್. ಮಾಮೂಲಿ ಬಿಯರ್‌ನಲ್ಲಿ ಲೀಟರ್‌ಗೆ ಎರಡೂವರೆ ಲೀಟರ್ ಗ್ಯಾಸ್ ಕರಗಿರುತ್ತೆ. 25 ಡಿಗ್ರಿಯಲ್ಲಿ ಇದರ ಒತ್ತಡ 2 ಬಾರ್‌ಗಿಂತ ಸ್ವಲ್ಪ ಜಾಸ್ತಿ. ಕ್ಯಾನ್ ಗೋಡೆ 0.1 ಮಿಮೀ ದಪ್ಪ, ತ್ರಿಜ್ಯ 33 ಮಿಮೀ. ಸೆಕೆಂಡ್ ಇಯರ್‌ನಲ್ಲಿ ಕಲಿತ ಹೂಪ್ ಸ್ಟ್ರೆಸ್ ಸೂತ್ರ ಹಾಕಿ, 2 ಬಾರ್‌ಗೆ 66 ಮೆಗಾಪಾಸ್ಕಲ್ ಬರುತ್ತೆ. ಆ ಅಲ್ಯೂಮಿನಿಯಂಗೆ ಇದು ಲೆಕ್ಕಕ್ಕಿಲ್ಲ. ಆದರೆ ಹೈಡ್ರೋಮೀಟರ್ 1.014ರಲ್ಲಿ ನಿಂತಿದೆ ಅಂದುಕೊಂಡು ನೀವು ತುಂಬಿದ್ರಿ, ಅದು ಇನ್ನೂ 1.010ಕ್ಕೆ ಇಳಿಯೋದಿತ್ತು ಅಂತ ಇಟ್ಕೊಳ್ಳಿ. ಬರೀ ಆ ನಾಲ್ಕು ಪಾಯಿಂಟ್‌ಗೆ ಲೀಟರ್‌ಗೆ ಇನ್ನೂ ಎರಡು ಲೀಟರ್ ಗ್ಯಾಸ್ ಸೇರುತ್ತೆ. ಏಪ್ರಿಲ್‌ನ ಬಿಟಿಎಂ ಅಡುಗೆಮನೆಯ ಸೆಕೆಯಲ್ಲಿ ಒತ್ತಡ 6 ಬಾರ್ ಹತ್ತಿರ ಹೋಗುತ್ತೆ. ಹೆಚ್ಚುಕಮ್ಮಿ ಅಲ್ಲೇ ಕ್ಯಾನ್‌ನ ಒಳಬಾಗಿದ ತಳ ಹೊರಕ್ಕೆ ಉಬ್ಬೋದು. ಫ್ರಿಜ್‌ನಲ್ಲಿಟ್ಟರೆ ಯೀಸ್ಟ್ ನಿಧಾನ ಆಗುತ್ತೆ, ನಿಜ. ಕರೆಂಟ್ ಹೋದರೆ?

ಕಾರ್ಖಾನೆಯವರು ಸಾಮಾನ್ಯವಾಗಿ ಯೀಸ್ಟ್ ಸೋಸಿ ತೆಗೀತಾರೆ, ಇಲ್ಲ ತುಂಬಿದ ಮೇಲೆ 60 ಡಿಗ್ರಿ ಬಿಸಿನೀರು ಹಾಯಿಸಿ ಕೊಲ್ತಾರೆ. ಸೀಮ್‌ನ ದಪ್ಪವನ್ನ ಮೈಕ್ರೋಮೀಟರ್ ಹಿಡಿದು ಅಳೀತಾರೆ. ನಮ್ಮ ಅಣ್ಣಂದಿರು ಸೀಮರ್‌ಗೆ ದುಡ್ಡು ಹಾಕಿದ್ರು, ಹೈಡ್ರೋಮೀಟರನ್ನ ಮೂರು ದಿನ ಬಿಟ್ಟು ಇನ್ನೊಂದು ಸಲ ನೋಡೋ ತಾಳ್ಮೆ ಇರಲಿಲ್ಲ. ಕೇಳೋಣ ಅಂದ್ರೆ ಯಾರನ್ನ ಕೇಳ್ತಾರೆ? ಕೆಮಿಕಲ್ ವಿಭಾಗದ ಮೇಷ್ಟ್ರಿಗೆ ಹುದುಗುವಿಕೆ ಬಗ್ಗೆ ಎಲ್ಲಾ ಗೊತ್ತು. "ಸರ್, ಮನೇಲಿ ಬಿಯರ್ ಮಾಡಿದೀವಿ, ಯಾವಾಗ ಮುಚ್ಚಬೇಕು?" ಅಂತ ಕೇಳೋಕಾಗುತ್ತಾ?

ನಮ್ಮ ಅಭಿಪ್ರಾಯ ಇಷ್ಟೇ. 21 ದಾಟಿದವರು ಮನೆಯಲ್ಲಿ, ಮಾರದೆ, ಮಿತಿಯೊಳಗೆ ಬಿಯರ್ ಮಾಡಿಕೊಳ್ಳೋಕೆ ಕಾನೂನು ಅವಕಾಶ ಕೊಡಬೇಕು. ಬ್ರಿಟನ್ 1963ರಲ್ಲಿ ಮನೆ ಬಿಯರ್‌ಗೆ ಲೈಸೆನ್ಸ್ ಬೇಡ ಅಂತು. ಅಮೆರಿಕದಲ್ಲಿ 1978ರಲ್ಲಿ ಕಾರ್ಟರ್ ಸಹಿ ಹಾಕಿದ ಕಾನೂನು ಒಬ್ಬರಿಗೆ ವರ್ಷಕ್ಕೆ 100 ಗ್ಯಾಲನ್, ಮನೆಗೆ ಹೆಚ್ಚೆಂದರೆ 200 ಗ್ಯಾಲನ್‌ವರೆಗೆ ತೆರಿಗೆ ಇಲ್ಲದೆ ಬಿಟ್ಟಿತು, ಮಾರೋ ಹಾಗಿಲ್ಲ ಅನ್ನೋ ಷರತ್ತಿನ ಮೇಲೆ. ಅಷ್ಟೊಂದು ನಮಗೆ ಬೇಡ. ತಿಂಗಳಿಗೆ ಇಪ್ಪತ್ತು ಲೀಟರ್, ಅಬಕಾರಿ ಇಲಾಖೆಯಲ್ಲಿ ಒಂದು ನೋಂದಣಿ ಇದ್ದರೆ ಸಾಕು.

ಇದಕ್ಕೆ ವಿರೋಧ ಬಂದೇ ಬರುತ್ತೆ, ಅದು ಹಗುರವಾದ ವಿರೋಧವೂ ಅಲ್ಲ. 1981ರಲ್ಲಿ ಇದೇ ಬೆಂಗಳೂರಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯ್ತು. ಮರುವರ್ಷವೇ ಕರ್ನಾಟಕ, ತಮಿಳುನಾಡುಗಳಲ್ಲಿ ಕಳ್ಳಭಟ್ಟಿಗೆ ಮತ್ತೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಸತ್ತವರು ಹೆಚ್ಚಾಗಿ ಕೂಲಿ ಮಾಡೋ ಜನ. ಇಂಥ ರಾಜ್ಯದಲ್ಲಿ ನಮ್ಮಂಥವರು "ನಮ್ಮ ಹವ್ಯಾಸಕ್ಕೆ ಅವಕಾಶ ಕೊಡಿ" ಅಂದರೆ ಕೇಳೋರಿಗೆ ಸಿಟ್ಟು ಬರೋದು ಸಹಜ. ಆದರೆ ಅಲ್ಲಿ ಕೊಂದದ್ದು ಮೆಥನಾಲ್, ಲಾಭಕ್ಕಾಗಿ ಬೆರೆಸಿ ಮಾರಿದ್ದು. ಬಾರ್ಲಿ ಮಾಲ್ಟ್ ಹುದುಗಿಸಿದರೆ ಆ ವಿಷ ಕೊಲ್ಲೋ ಪ್ರಮಾಣದಲ್ಲಿ ಹುಟ್ಟಲ್ಲ. ಭಟ್ಟಿ ಇಳಿಸೋದನ್ನ ಮನೆಗೆ ಬಿಡಿ ಅಂತ ನಾವು ಕೇಳ್ತಿಲ್ಲ, ಅದು ನಿಷೇಧದಲ್ಲೇ ಇರಲಿ. ನಮ್ಮಲ್ಲೇ ಒಬ್ಬಳು ಈ ಇಡೀ ಪ್ಯಾರಾವನ್ನ ಒಪ್ಪಲ್ಲ. ಅವಳ ತಾತ ಕುಡಿತದಿಂದಲೇ ಹೋದವರು. "ಮನೆಯೊಳಗೇ ತಯಾರಾದ್ರೆ ಕುಡಿಯೋ ಗಂಡಸರನ್ನ ಹಿಡಿಯೋರು ಯಾರು?" ಅಂತ ಕೇಳ್ತಾಳೆ. ಲೀಟರ್ ಮಿತಿ ಹಾಕಿದರೂ ಮನೆಯೊಳಗೆ ಬಂದು ಅಳೆಯೋರು ಇಲ್ಲ. ಅವಳಿಗೆ ಕೊಡೋಕೆ ನಮ್ಮ ಹತ್ರ ಪೂರ್ತಿ ಉತ್ತರ ಇಲ್ಲ.

ಕಾನೂನು ಬದಲಾಗೋವರೆಗೆ ಮಾಡಬೇಡಿ ಅಂತಲೇ ಹೇಳ್ತೀವಿ. ಓದುಗರಲ್ಲಿ ಮುಕ್ಕಾಲು ಪಾಲು ಜನಕ್ಕೆ 21 ಆಗಿಲ್ಲ ಅನ್ನೋದೂ ಗೊತ್ತು. ಆದರೆ ಸೀಮ್ ಕಲಿಯೋಕೆ ಬಿಯರೇ ಬೇಕಂತಿಲ್ಲ. ಅಣ್ಣಂದಿರ ಹತ್ರ ಸೀಮರ್ ಇಸ್ಕೊಂಡು ಬಂದು ಲ್ಯಾಬ್‌ನಲ್ಲಿ ಮೇಷ್ಟ್ರ ಎದುರೇ, ಮುಖಕ್ಕೆ ಶೀಲ್ಡ್ ಹಾಕಿಕೊಂಡು ಶುರು ಮಾಡಿದೀವಿ. 330 ಮಿಲಿ ತಣ್ಣೀರು, ಟಿಶ್ಯೂನಲ್ಲಿ ಸುತ್ತಿದ 3 ಗ್ರಾಂ ಅಡುಗೆ ಸೋಡಾ, ಸಾಕಷ್ಟು ಸಿಟ್ರಿಕ್ ಆಸಿಡ್. ಸೋಡಾ ಪೂರ್ತಿ ಕರಗಿದರೆ ಬಿಯರ್‌ನಷ್ಟೇ ಗ್ಯಾಸ್ ಬರುತ್ತೆ, ಒಂದು ಗ್ರಾಂ ಜಾಸ್ತಿಯೂ ಆಗಲ್ಲ. ಮೊದಲ ಹನ್ನೆರಡು ಡಬ್ಬಿಗಳಲ್ಲಿ ಏಳು ಸೋರಿದವು. ಎರಡನೇ ರೋಲರ್ ಸಡಿಲ ಇದೆ ಅಂತ ಗೊತ್ತಾಗಿದ್ದು ಸೀಮ್ ಕೊಯ್ದು ನೋಡಿದಾಗ. ಅಣ್ಣನ ಹೊಲಿಗೆ ಬಿಚ್ಚಿ ಆಗಿದೆ, ಹೆಬ್ಬೆರಳು ಇನ್ನೂ ಪೂರ್ತಿ ಮಡಚೋಕೆ ಬರಲ್ಲ. ಹಾಗಾಗಿ ಹಿಡಿ ತಿರುಗಿಸೋ ಕೆಲಸ ನಮ್ಮದು, ಅಳತೆ ಬರ್ಕೊಳ್ಳೋದು ಅವರದು. ಗುರುವಾರ ಮಧ್ಯಾಹ್ನ ಎರಡಕ್ಕೆ ಲ್ಯಾಬ್ ತೆರೆದಿರುತ್ತೆ, ಬರೋರು ಬನ್ನಿ.