ಮಳೆಯ ಹೆಸರೂ ನಕ್ಷತ್ರದ ಪರಿಚಯವೂ

ಕೊಪ್ಪ ತಾಲ್ಲೂಕಿನ ಜಯಪುರದ ಸುತ್ತಿನ ಹಳ್ಳಿಗಳಲ್ಲಿ ಮಳೆನಕ್ಷತ್ರಗಳ ಹೆಸರನ್ನು ಅರಿಯದ ಕೃಷಿಕರು ವಿರಳ. ಮೃಗಶಿರೆ ಹಿಡಿಯಿತೇ, ಆರ್ದ್ರೆ ಬಲವಾಯಿತೇ, ಪುನರ್ವಸುವಿನಲ್ಲಿ ಹೊಳವಾದೀತೇ ಎಂಬುದೇ ಮಳೆಗಾಲದ ಮಾತುಕತೆ. ಆದರೆ ಆ ಆರ್ದ್ರೆಯನ್ನು ಆಕಾಶದಲ್ಲಿ ತೋರಿಸಿರೆಂದರೆ, ಮನೆಯ ಹಿರಿಯರಂತೆಯೇ ವಿಜ್ಞಾನ ಓದುತ್ತಿರುವ ಮಕ್ಕಳೂ ಬಹುಮಟ್ಟಿಗೆ ಮೌನ ತಾಳುತ್ತಾರೆ.

ಆರ್ದ್ರಾ ಮಳೆಯೆಂದರೆ ಸೂರ್ಯನು ಆ ನಕ್ಷತ್ರಭಾಗದಲ್ಲಿರುವಂತೆ ತೋರುವ ಕಾಲ. ವರ್ಷದ 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು ಹದಿಮೂರುವರೆ ದಿನ ಬರುತ್ತದೆ. ಜೂನ್ ತಿಂಗಳ ಕೊನೆಯಲ್ಲಿ ಆರ್ದ್ರೆಯ ಸರದಿ. ಆಗ ಮೋಡ ಸರಿದರೂ ಆ ತಾರೆ ಕಾಣದು. ಏಕೆಂದರೆ ಅದು ಸೂರ್ಯನೊಡನೆಯೇ ಹುಟ್ಟಿ ಸೂರ್ಯನೊಡನೆಯೇ ಮುಳುಗುತ್ತದೆ. ಆರು ತಿಂಗಳು ಕಳೆದು, ಭೂಮಿಯು ಸೂರ್ಯನ ಇನ್ನೊಂದು ಮಗ್ಗುಲಿಗೆ ಬಂದಾಗ, ಡಿಸೆಂಬರಿನ ನಡುರಾತ್ರಿಯಲ್ಲಿ ಅದೇ ಕೆಂಪು ತಾರೆ ನಮ್ಮ ನೆತ್ತಿಯ ಸಮೀಪದಲ್ಲಿ ಬೆಳಗುತ್ತದೆ. ಭೂಮಿಯ ವಾರ್ಷಿಕ ಚಲನೆಗೆ ಇದಕ್ಕಿಂತ ಹತ್ತಿರದ ಪಾಠ ಬೇರೆ ಬೇಕೆ?

ಧ್ರುವನಕ್ಷತ್ರವನ್ನು ತೆಗೆದುಕೊಳ್ಳೋಣ. ಒಂದು ಊರಿನಲ್ಲಿ ಅದು ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೋ ಸರಿಸುಮಾರು ಅಷ್ಟೇ ಆ ಊರಿನ ಅಕ್ಷಾಂಶ. ಜಯಪುರದಲ್ಲಿ ಅದು ಸುಮಾರು ಹದಿಮೂರುವರೆ ಡಿಗ್ರಿ. ಕೈಚಾಚಿ ಹಿಡಿದ ಮುಷ್ಟಿಯು ಹತ್ತು ಡಿಗ್ರಿಯಷ್ಟನ್ನು ಮರೆಮಾಡುವುದರಿಂದ, ಒಂದೂವರೆ ಮುಷ್ಟಿಗೂ ತುಸು ಕಡಿಮೆ. ಕಣಿವೆಯ ಅಡಿಕೆ ತೋಟದಲ್ಲಿ ನಿಂತವನಿಗೆ ಉತ್ತರದ ಗುಡ್ಡವೇ ಅದನ್ನು ಮುಚ್ಚಿಬಿಡಬಹುದು. ಗುಡ್ಡದ ನೆತ್ತಿಗೆ ಹತ್ತಿ ನೋಡಿದ ವಿದ್ಯಾರ್ಥಿಗೆ ಅಕ್ಷಾಂಶವು ಭೂಪಟದ ಗೆರೆಯಾಗಿ ಉಳಿಯುವುದಿಲ್ಲ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ನಾವೆಲ್ಲರೂ ಹರ್ಷಪಟ್ಟೆವು; ಅದು ಯೋಗ್ಯವೇ. ಆದರೆ 1969ರಲ್ಲಿ ಅಪೊಲೊ-11 ನಾಲ್ಕು ದಿನಗಳಲ್ಲಿ ಮುಗಿಸಿದ ಪಯಣಕ್ಕೆ ನಮ್ಮ ನೌಕೆಗೆ ನಲವತ್ತು ದಿನ ಏಕೆ ಬೇಕಾಯಿತೆಂದು ಕೇಳಿದವರೆಷ್ಟು ಮಂದಿ? ನಮ್ಮ ರಾಕೆಟ್ಟು ಅಪೊಲೊವಿನದಕ್ಕಿಂತ ಬಹಳ ಚಿಕ್ಕದು. ಆದುದರಿಂದ ನೌಕೆಯು ಭೂಮಿಗೆ ಸಮೀಪಿಸಿದಾಗಲೆಲ್ಲ ಅದರ ವೇಗವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ದೀರ್ಘವೃತ್ತವನ್ನು ಹಂತಹಂತವಾಗಿ ಹಿಗ್ಗಿಸಬೇಕಾಯಿತು. ಇದನ್ನರಿಯಲು ಬೇಕಾದ ಕೆಪ್ಲರನ ನಿಯಮಗಳೂ ಶಕ್ತಿಸಂರಕ್ಷಣೆಯ ತತ್ತ್ವವೂ ಪದವಿಪೂರ್ವ ತರಗತಿಯ ಪುಸ್ತಕದಲ್ಲಿಯೇ ಇವೆ. ಅವನ್ನು ಪರೀಕ್ಷೆಗೆಂದು ಕಂಠಪಾಠ ಮಾಡಿ ಮರೆಯುವುದೇ ನಮ್ಮ ದುರದೃಷ್ಟ. ಈ ದೋಷದಲ್ಲಿ ಅಧ್ಯಾಪಕರಾದ ನಮ್ಮ ಪಾಲೂ ಉಂಟು. ಕೆಪ್ಲರನನ್ನು ಕರಿಹಲಗೆಯ ಮೇಲೆ ಬರೆದು ಮುಗಿಸುವ ನಾವು ಶಿಷ್ಯರನ್ನು ಒಂದು ರಾತ್ರಿಯಾದರೂ ಬಯಲಿಗೆ ಕರೆದೊಯ್ದಿಲ್ಲ.

ದೂರದರ್ಶಕವಿಲ್ಲವೆಂಬುದು ಸಕಾರಣವಾದ ನೆಪವಲ್ಲ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ‘ಆರ್ಯಭಟ’ವು 1975ರಲ್ಲಿ ಆಕಾಶಕ್ಕೇರಿತು. ಹಳ್ಳಿಯಲ್ಲಿ ಹುಟ್ಟಿದುದು ಈ ವಿದ್ಯೆಗೆ ಅಡ್ಡಿಯಾಗಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವಿದ್ಯಾರ್ಥಿಮಿತ್ರರೇ, ಈ ಸಲ ಮಳೆ ಹಿಂದೆಗೆದು ಆಕಾಶ ತಿಳಿಯಾದೊಡನೆ ಒಂದು ಪುಸ್ತಕವನ್ನು ಹಿಡಿದು ಅಂಗಳಕ್ಕೆ ಬನ್ನಿರಿ. ಪ್ರತಿರಾತ್ರಿ ಒಂದೇ ವೇಳೆಗೆ ಚಂದ್ರನು ಯಾವ ತಾರೆಯ ಬಳಿ ಇರುವನೆಂದು ಗುರುತುಹಾಕಿರಿ. ಇಂದು ಕೃತ್ತಿಕೆಯ ಬಳಿ ಇದ್ದವನು ನಾಳೆ ರೋಹಿಣಿಯತ್ತ ಸರಿದಿರುತ್ತಾನೆ. ನಕ್ಷತ್ರಗಳು ಇಪ್ಪತ್ತೇಳೇ ಏಕೆಂಬುದನ್ನು ತಿಂಗಳ ಕೊನೆಗೆ ನಿಮ್ಮ ಪುಸ್ತಕವೇ ಹೇಳುವುದು.