ಕಾನೂನಿನ ಮುದ್ರೆ ಬಿದ್ದರೆ ಜೂಜು ಶುದ್ಧವಾಗುವುದೇ?

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಕ್ರಿಕೆಟ್ ಇನ್ನೂ ಒಂದು ಮೂಲೆಯ ಆಟ. ಅಲ್ಲಿನವರ ಮನಸ್ಸಿರುವುದು ಐಸ್ ಹಾಕಿಯಲ್ಲಿ. 1844ರಲ್ಲಿ ನ್ಯೂಯಾರ್ಕಿನಲ್ಲಿ ಅಮೇರಿಕದ ವಿರುದ್ಧ ಕೆನಡಾ ಆಡಿದ ಪಂದ್ಯವೇ ಜಗತ್ತಿನ ಮೊದಲ ಅಂತಾರಾಷ್ಟ್ರೀಯ ಕ್ರಿಕೆಟ್ ಪಂದ್ಯವೆಂದು ಚರಿತ್ರೆ ಹೇಳುತ್ತದೆ. ಆದರೂ ಆ ನೆಲದಲ್ಲಿ ಇಂದು ಈ ಆಟಕ್ಕೆ ಉಸಿರು ಕೊಡುತ್ತಿರುವವರು ಬಹುತೇಕ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಮತ್ತು ಕೆರಿಬಿಯನ್ ದ್ವೀಪಗಳಿಂದ ವಲಸೆ ಹೋದವರು. ಇಂತಹ ಆಟದ ಮೇಲೂ ಅಲ್ಲಿ ಕಾನೂನುಬದ್ಧವಾಗಿ ಪಣ ಕಟ್ಟಬಹುದು. 19 ವರ್ಷ ತುಂಬಿದ್ದರೆ ಸಾಕು. ಬುಕ್ಕಿಯನ್ನು ಹುಡುಕಬೇಕಿಲ್ಲ, ಪೊಲೀಸರಿಗೆ ಅಂಜಬೇಕಿಲ್ಲ. ಸರಕಾರದ ನೋಂದಣಿ ಪಡೆದ ಕಂಪೆನಿಯ ಆ್ಯಪ್ ಜೇಬಿನಲ್ಲೇ ಇರುತ್ತದೆ.

ಈ ಬದಲಾವಣೆ ಒಂದೇ ದಿನದಲ್ಲಿ ಆದುದಲ್ಲ. 1892ರ ಕೆನಡಾದ ಅಪರಾಧ ಸಂಹಿತೆ ಜೂಜನ್ನು ಬಹುಮಟ್ಟಿಗೆ ನಿಷೇಧಿಸಿತ್ತು. 1969ರ ತಿದ್ದುಪಡಿ ಸರಕಾರಗಳಿಗೆ ಲಾಟರಿ ನಡೆಸುವ ಬಾಗಿಲು ತೆರೆಯಿತು. 1985ರಲ್ಲಿ ಆ ಅಧಿಕಾರ ಪ್ರಾಂತಗಳ ಕೈ ಸೇರಿತು. ಆಗಲೂ ಕುದುರೆ ಓಟವನ್ನು ಬಿಟ್ಟರೆ ಬೇರಾವ ಕ್ರೀಡೆಯಲ್ಲೂ ಒಂದೇ ಪಂದ್ಯದ ಮೇಲೆ ಪಣ ಕಟ್ಟುವಂತಿರಲಿಲ್ಲ. ಹಲವು ಪಂದ್ಯಗಳನ್ನು ಸೇರಿಸಿ ಕಟ್ಟಬೇಕಿತ್ತು. 2021ರ ಆಗಸ್ಟ್ 27ರಂದು ಸಿ-218 ಮಸೂದೆ ಕಾಯ್ದೆಯಾಗಿ ಜಾರಿಗೆ ಬಂದಾಗ ಆ ಕೊನೆಯ ಬೇಲಿಯೂ ಉರುಳಿತು. 2022ರ ಏಪ್ರಿಲ್ 4ರಂದು ಒಂಟಾರಿಯೊ ಖಾಸಗಿ ಕಂಪೆನಿಗಳಿಗೂ ತನ್ನ ಆನ್‌ಲೈನ್ ಮಾರುಕಟ್ಟೆಯನ್ನು ತೆರೆದಿಟ್ಟಿತು. ಹಾಗೆ ಮಾಡಿದ ಮೊದಲ ಪ್ರಾಂತ ಅದು.

ಫಲಿತಾಂಶವೇನು? ಈ ಮಾರುಕಟ್ಟೆಯನ್ನು ನಡೆಸುವ ಐಗೇಮಿಂಗ್ ಒಂಟಾರಿಯೊ ಎಂಬ ಸರಕಾರಿ ಸಂಸ್ಥೆಯೇ ಪ್ರಕಟಿಸಿದ ಲೆಕ್ಕದ ಪ್ರಕಾರ, ಮೊದಲ ವರ್ಷದಲ್ಲಿ ಪಣಕ್ಕೆ ಬಿದ್ದ ಮೊತ್ತ ಸುಮಾರು 3,560 ಕೋಟಿ ಕೆನಡಿಯನ್ ಡಾಲರ್. ಎರಡನೇ ವರ್ಷ ಅದು ಸುಮಾರು 6,300 ಕೋಟಿಗೆ ಏರಿತು. ಇದರಲ್ಲಿ ಆನ್‌ಲೈನ್ ಕ್ಯಾಸಿನೊಗಳ ಪಾಲು ದೊಡ್ಡದು. ಗೆದ್ದ ಹಣವನ್ನೇ ಮತ್ತೆ ಕಟ್ಟಿದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ನೋಡಬೇಕಾದ ಸಂಖ್ಯೆ ಬೇರೆ. ಗೆದ್ದವರಿಗೆ ಹಂಚಿದ ಬಳಿಕ ಉಳಿದ ಆದಾಯ ಮೊದಲ ವರ್ಷ ಸುಮಾರು 140 ಕೋಟಿ, ಎರಡನೇ ವರ್ಷ ಸುಮಾರು 240 ಕೋಟಿ ಡಾಲರ್. ಸರಕಾರಿ ಭಾಷೆಯಲ್ಲಿ ಇದಕ್ಕೆ ಆದಾಯ ಎನ್ನುತ್ತಾರೆ. ಮನೆಯ ಭಾಷೆಯಲ್ಲಿ ಹೇಳುವುದಾದರೆ ಇದು ಸೋತವರ ಜೇಬಿನಿಂದ ಹೋದ ಹಣ.

ಎಲ್ಲೋ ದೂರದ ಕೆನಡಾದ ಸಂಗತಿ ನಮಗೇಕೆ ಎಂದು ಓದುಗರು ಕೇಳಬಹುದು. ಒಂಟಾರಿಯೊದ ಬ್ರಾಂಪ್ಟನ್ ನಗರದ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ದಕ್ಷಿಣ ಏಶ್ಯಾ ಮೂಲದವರು. 2021ರ ಜನಗಣತಿಯಂತೆ ಕೆನಡಾದ ಜನಸಂಖ್ಯೆಯ ಶೇ. 4.9ರಷ್ಟು ಮುಸ್ಲಿಮರು. ನಮ್ಮ ಊರುಗಳ ಯುವಕರೂ ಶಿಕ್ಷಣ ಸಾಲ ಪಡೆದು ಅಲ್ಲಿನ ಕಾಲೇಜುಗಳಿಗೆ ಹೋಗುತ್ತಿದ್ದಾರೆ. ಇಲ್ಲಿ ಹರಾಮ್ ಮತ್ತು ಕಾನೂನುಬಾಹಿರ ಎಂಬ ಎರಡು ಗೋಡೆಗಳ ನಡುವೆ ಬೆಳೆದ ಹುಡುಗ ಅಲ್ಲಿ ಇಳಿದೊಡನೆ ಎರಡನೆಯ ಗೋಡೆ ಮಾಯವಾಗಿರುತ್ತದೆ. ಮೊದಲ ಗೋಡೆಯನ್ನು ಅವನ ಎದೆಯೊಳಗೆ ನಾವು ಎಷ್ಟು ಗಟ್ಟಿಯಾಗಿ ಕಟ್ಟಿದ್ದೇವೆ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ. ಇನ್ನೊಂದು ಕಾರಣವೂ ಇದೆ. ನಮ್ಮ ದೇಶದಲ್ಲೂ 2016ರಲ್ಲಿ ನ್ಯಾಯಮೂರ್ತಿ ಲೋಧಾ ಸಮಿತಿಯು ಕ್ರಿಕೆಟ್ ಬೆಟ್ಟಿಂಗನ್ನು ಕಾನೂನುಬದ್ಧಗೊಳಿಸಬಹುದೆಂದು ಶಿಫಾರಸು ಮಾಡಿತ್ತು. ಆ ವಾದ ಸತ್ತಿಲ್ಲ. ಆದ್ದರಿಂದ ಅದನ್ನು ಜಾರಿಗೊಳಿಸಿದ ನಾಡಿನ ಅನುಭವವನ್ನು ಅರಿಯುವುದು ಅಗತ್ಯ.

ಕಾನೂನುಬದ್ಧತೆಯ ಪರವಾಗಿ ಮಾತನಾಡುವವರ ವಾದವನ್ನು ನ್ಯಾಯವಾಗಿಯೇ ಮುಂದಿಡೋಣ. ನಿಷೇಧವಿದ್ದಾಗಲೂ ಜನರು ಪಣ ಕಟ್ಟುತ್ತಿದ್ದರು. ಹಣವು ಭೂಗತ ಲೋಕಕ್ಕೂ ವಿದೇಶಿ ಜಾಲಗಳಿಗೂ ಹೋಗುತ್ತಿತ್ತು. ಬಹಿರಂಗವಾಗಿ ನಡೆದರೆ ಕಣ್ಗಾವಲು ಸಾಧ್ಯ, ತೆರಿಗೆಯೂ ಬರುತ್ತದೆ ಎಂಬುದು ಅವರ ಮಾತು. ಇದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಒಂಟಾರಿಯೊದ ನಿಯಂತ್ರಣ ಆಯೋಗವು ಯುಎಫ್‌ಸಿ ಕಾದಾಟಗಳ ಮೇಲಿನ ಬೆಟ್ಟಿಂಗನ್ನೇ ನಿಲ್ಲಿಸಿತು. ಒಳಗಿನವರೇ ಪಣ ಕಟ್ಟುವುದನ್ನು ತಡೆಯುವ ವ್ಯವಸ್ಥೆ ಸಾಲದೆಂಬುದು ಅದರ ಆಕ್ಷೇಪವಾಗಿತ್ತು. ನಿಯಮ ಬಿಗಿಗೊಂಡ ಬಳಿಕ, 2023ರ ಜನವರಿಯಲ್ಲಿ ಮತ್ತೆ ಅನುಮತಿ ದೊರೆಯಿತು. ಗಲ್ಲಿಯ ಬುಕ್ಕಿ ಹೀಗೆ ಮಾಡಲಾರ. 2024ರ ಫೆಬ್ರವರಿ ಅಂತ್ಯದಿಂದ ಬೆಟ್ಟಿಂಗ್ ಜಾಹೀರಾತುಗಳಲ್ಲಿ ಕ್ರೀಡಾಪಟುಗಳನ್ನು ಬಳಸುವುದಕ್ಕೂ ಅಲ್ಲಿ ತಡೆ ಬಿದ್ದಿದೆ. ಆದರೆ ಗಮನಿಸಿ: ಮಾರುಕಟ್ಟೆ ತೆರೆದದ್ದು 2022ರಲ್ಲಿ, ಈ ತಡೆ ಬಂದದ್ದು ಸುಮಾರು ಎರಡು ವರ್ಷಗಳ ಬಳಿಕ. ಆ ಎರಡು ವರ್ಷ ಮಕ್ಕಳು ತಮ್ಮ ನೆಚ್ಚಿನ ಆಟಗಾರರ ಬಾಯಿಂದಲೇ ಜೂಜಿನ ಆಹ್ವಾನವನ್ನು ಕೇಳಿದರು.

ಇನ್ನು ಸಣ್ಣ ಆಟಗಳ ವಿಷಯ. ಕೋಟಿಗಟ್ಟಲೆ ಸಂಪಾದಿಸುವ ಆಟಗಾರನನ್ನು ಕೊಳ್ಳುವುದು ಕಷ್ಟ. ಆದರೆ ಸಂಭಾವನೆ ಕಡಿಮೆಯಿರುವ, ಕ್ಯಾಮರಾಗಳು ವಿರಳವಾಗಿರುವ, ಪತ್ರಕರ್ತರು ಹೋಗದ ಆಟದಲ್ಲಿ ಒಬ್ಬನನ್ನು ಕೊಂಡರೆ ಸಾಕು, ಫಲಿತಾಂಶವನ್ನೇ ಕೊಂಡಂತೆ. ಇದನ್ನು ಒಂಟಾರಿಯೊದ ನಿಯಂತ್ರಕರೂ ಬಲ್ಲರು. ಆದ್ದರಿಂದಲೇ ಕೆನಡಾದ ಕಿರಿಯರ ಹಾಕಿ ಲೀಗ್‌ನಂತಹ ಕೆಳಹಂತದ ಪಂದ್ಯಗಳ ಮೇಲೆ ಪಣ ಕಟ್ಟುವುದನ್ನು ಅವರ ನಿಯಮ ನಿಷೇಧಿಸಿದೆ. ಪಣವು ಆಟವನ್ನು ಕೆಡಿಸಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಬೇಕೇ? ಮಾತ್ರವಲ್ಲ, ದೊಡ್ಡ ಆಟಗಳೂ ಪಾರಾಗಿಲ್ಲ. ಟೊರಾಂಟೊ ರಾಪ್ಟರ್ಸ್ ತಂಡದ ಬಾಸ್ಕೆಟ್‌ಬಾಲ್ ಆಟಗಾರ ಜಾಂಟೆ ಪೋರ್ಟರ್‌ಗೆ 2024ರ ಏಪ್ರಿಲ್‌ನಲ್ಲಿ ಎನ್‌ಬಿಎ ಆಜೀವ ನಿಷೇಧ ವಿಧಿಸಿತು. ತನ್ನ ಆರೋಗ್ಯದ ಗುಟ್ಟನ್ನು ಪಣಕೋರರಿಗೆ ತಿಳಿಸಿ, ಪಂದ್ಯದ ನಡುವೆಯೇ ಹೊರನಡೆದು ಅವರಿಗೆ ಲಾಭ ಮಾಡಿಕೊಟ್ಟದ್ದು ಆತನ ಅಪರಾಧ. ಅದೇ ವರ್ಷದ ಜುಲೈಯಲ್ಲಿ ಆತ ಅಮೇರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಆತ ಜೂಜಿನ ಸಾಲದಲ್ಲಿ ಸಿಲುಕಿದ್ದನು. ಸಾಲಗಾರನಾದ ಆಟಗಾರನ ಬೆನ್ನಿಗೆ ಪಣಕೋರ ಬೀಳುತ್ತಾನೆ ಎಂಬುದು ಇದರ ಪಾಠ.

ನಮಗೆ ಇನ್ನೂ ಹತ್ತಿರದ ಪಾಠಗಳಿವೆ. 1961ರಿಂದಲೇ ಬ್ರಿಟನ್ನಿನ ಬೀದಿಗಳಲ್ಲಿ ಪರವಾನಿಗೆಯ ಬೆಟ್ಟಿಂಗ್ ಅಂಗಡಿಗಳಿವೆ. ಅದೇ ಬ್ರಿಟನ್ನಿನ ಲಾರ್ಡ್ಸ್ ಮೈದಾನದಲ್ಲಿ 2010ರಲ್ಲಿ ಪಾಕಿಸ್ತಾನದ ಇಬ್ಬರು ಬೌಲರುಗಳು ಮೊದಲೇ ನಿಗದಿಯಾದಂತೆ ನೋಬಾಲ್ ಎಸೆದರು. ನಾಯಕನೂ ಸೇರಿ ಮೂವರು ಆಟಗಾರರು ಮರುವರ್ಷ ಶಿಕ್ಷೆಗೊಳಗಾದರು. ಅವರಲ್ಲಿ ಒಬ್ಬನಿಗೆ ಕೃತ್ಯದ ವೇಳೆ ಕೇವಲ 18 ವರ್ಷ. ನೆರೆದೇಶದ ಕಡೆ ಬೆರಳು ತೋರಿಸಿ ನಾವು ಸುಮ್ಮನಿರುವಂತಿಲ್ಲ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ನಡೆದ ಮ್ಯಾಚ್ ಫಿಕ್ಸಿಂಗ್ ಆರೋಪದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನು ಬಂಧಿಸಿದ್ದರು. 2022ರ ಜನವರಿಯಲ್ಲಿ ಹೈಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸಿತು. ಫಿಕ್ಸಿಂಗ್ ಅಪ್ರಾಮಾಣಿಕತೆಯಾದರೂ ದಂಡ ಸಂಹಿತೆಯ 420ನೇ ಕಲಮಿನ ವಂಚನೆಯಾಗದು ಎಂಬುದು ಅದರ ತಾತ್ಪರ್ಯ. ತೀರ್ಪನ್ನು ನಾವು ಗೌರವಿಸುತ್ತೇವೆ. ಕಾನೂನಿಗೆ ಅದರದೇ ಆದ ಗಡಿಯಿದೆ. ಆ ಗಡಿಯಾಚೆಗೆ ಮನುಷ್ಯನನ್ನು ಹಿಡಿದಿಡಬಲ್ಲದ್ದು ಆತ್ಮಸಾಕ್ಷಿ ಮಾತ್ರ ಎಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು.

ಪವಿತ್ರ ಕುರ್‌ಆನ್ ಈ ಪ್ರಶ್ನೆಯನ್ನು ನಿಭಾಯಿಸಿದ ರೀತಿ ಗಮನಾರ್ಹ. ಅಲ್ ಬಕರಃ ಅಧ್ಯಾಯದ 219ನೇ ಸೂಕ್ತವು ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆ ಎಂಬುದನ್ನು ನಿರಾಕರಿಸುವುದಿಲ್ಲ. ಪ್ರಯೋಜನವನ್ನೂ ಪಾಪವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತದೆ ಮತ್ತು ಪಾಪದ ತಟ್ಟೆಯೇ ಭಾರವೆಂದು ಹೇಳುತ್ತದೆ. ಆ ಪ್ರಯೋಜನ ಯಾವುದೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಅಜ್ಞಾನ ಕಾಲದ ಅರಬರು ಒಂಟೆಯನ್ನು ಕೊಯ್ದು, ಬಾಣಗಳನ್ನೆತ್ತಿ ಮಾಂಸದ ಪಾಲು ನಿರ್ಧರಿಸುತ್ತಿದ್ದರು. ಸೋತವನು ಒಂಟೆಯ ಬೆಲೆ ತೆರುತ್ತಿದ್ದನು. ಗೆದ್ದವನು ಮಾಂಸವನ್ನು ಬಡವರಿಗೆ ಹಂಚಿ ಹೆಮ್ಮೆಪಡುತ್ತಿದ್ದನು. ಮೈಸಿರ್ ಎಂದರೆ ಇದೇ. ಅಂದರೆ, ಬಡವರ ಹೊಟ್ಟೆ ತುಂಬಿಸುತ್ತಿದ್ದ ಜೂಜನ್ನೇ ಇಸ್ಲಾಮ್ ನಿಷೇಧಿಸಿತು. ಇಂದು ಒಂಟಾರಿಯೊದ ಸರಕಾರಿ ಲಾಟರಿ ನಿಗಮವು ತನ್ನ ಲಾಭ ಆಸ್ಪತ್ರೆಗಳಿಗೆ, ಹವ್ಯಾಸಿ ಕ್ರೀಡೆಗಳಿಗೆ ಸಲ್ಲುತ್ತದೆಂದು ಹೇಳಿಕೊಳ್ಳುವಾಗ ನಮಗೆ ಆ ಒಂಟೆಯ ಮಾಂಸವೇ ನೆನಪಾಗುತ್ತದೆ. ಆಸ್ಪತ್ರೆ ಬೇಕು, ನಿಜ. ಆದರೆ ಒಬ್ಬನ ಮನೆಯೊಲೆ ಆರಿಸಿ ಇನ್ನೊಬ್ಬನಿಗೆ ಔಷಧಿ ಕೊಡುವುದು ಯಾವ ಸೀಮೆಯ ಕಲ್ಯಾಣ? ಅಲ್ ಮಾಇದಃ ಅಧ್ಯಾಯದ 90 ಮತ್ತು 91ನೇ ಸೂಕ್ತಗಳು ನಿಷೇಧವನ್ನು ಪೂರ್ಣಗೊಳಿಸುತ್ತಾ, ಜೂಜು ಜನರ ನಡುವೆ ಹಗೆತನ ಬಿತ್ತುತ್ತದೆ, ದೇವಸ್ಮರಣೆಯಿಂದ ಮತ್ತು ನಮಾಝ್‌ನಿಂದ ತಡೆಯುತ್ತದೆ ಎಂಬ ಕಾರಣಗಳನ್ನು ಮುಂದಿಟ್ಟಿವೆ. ಸೋತ ರಾತ್ರಿಯನ್ನು ಕಂಡ ಪ್ರತಿ ಮನೆಗೂ ಈ ಕಾರಣಗಳು ಅರ್ಥವಾಗುತ್ತವೆ.

ಹಾಗೆಂದು ಇಸ್ಲಾಮ್ ಆಟದ ವಿರೋಧಿಯಲ್ಲ. ಪ್ರವಾದಿ ಮುಹಮ್ಮದ್(ಸ) ಮದೀನಾದಲ್ಲಿ ಕುದುರೆ ಓಟದ ಸ್ಪರ್ಧೆ ಏರ್ಪಡಿಸಿದ್ದರು. ಸ್ಪರ್ಧಿಗಳ ಹೊರಗಿನವರು ಕೊಡುವ ಬಹುಮಾನಕ್ಕೆ ಕರ್ಮಶಾಸ್ತ್ರ ವಿದ್ವಾಂಸರು ಅವಕಾಶ ನೀಡಿದ್ದಾರೆ. ಆದರೆ ಸ್ಪರ್ಧಿಗಳೆಲ್ಲ ಹಣ ಹಾಕಿ, ಗೆದ್ದವನು ಎಲ್ಲರದನ್ನೂ ಬಾಚಿಕೊಂಡರೆ ಅದು ಕಿಮಾರ್, ಅಂದರೆ ಜೂಜು. ಈ ಮಾನದಂಡವನ್ನು ಹಿಡಿದು ನಮ್ಮ ಊರುಗಳ ಮೈದಾನಗಳನ್ನೊಮ್ಮೆ ನೋಡೋಣ. ನಮ್ಮದೇ ಯುವಕ ಸಂಘಗಳು ನಡೆಸುವ ಟೂರ್ನಮೆಂಟ್‌ಗಳಲ್ಲಿ ತಂಡಗಳಿಂದ ಪ್ರವೇಶ ಶುಲ್ಕ ಸಂಗ್ರಹಿಸಿ, ಅದನ್ನೇ ನಗದು ಬಹುಮಾನವಾಗಿ ಕೊಡುವ ಪದ್ಧತಿಯಿಲ್ಲವೇ? ಸಂಘದ ಹೆಸರಿನಲ್ಲಿ ಹಸಿರು ಬಾವುಟವಿದ್ದ ಮಾತ್ರಕ್ಕೆ ಅದರ ಸ್ವರೂಪ ಬದಲಾಗುವುದಿಲ್ಲ. ಶುಲ್ಕವನ್ನು ಮೈದಾನದ ಖರ್ಚಿಗೆ ಸೀಮಿತಗೊಳಿಸಿ, ಬಹುಮಾನವನ್ನು ದಾನಿಗಳಿಂದ ಪಡೆದರೆ ಸಮಸ್ಯೆ ಬಗೆಹರಿಯುತ್ತದೆ. ಇದು ಈ ವಾರವೇ ಮಾಡಬಹುದಾದ ಸುಧಾರಣೆ.

ನಮ್ಮ ದೇಶ ಸದ್ಯ ಕೆನಡಾದ ವಿರುದ್ಧ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಡಿಸುವವರಿಗೆ ಮೂರು ವರ್ಷಗಳ ವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿ ವರೆಗೆ ದಂಡವನ್ನು ಅದು ವಿಧಿಸುತ್ತದೆ; ಆಡುವವನನ್ನು ಅಪರಾಧಿಯೆಂದು ಕಾಣುವುದಿಲ್ಲ. ಈ ವಿವೇಕವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕರ್ನಾಟಕದ ಅನುಭವ ಎಚ್ಚರಿಸುತ್ತದೆ. 2007ರಲ್ಲಿ ಇಲ್ಲಿ ಲಾಟರಿ ನಿಷೇಧವಾಯಿತು. 2021ರಲ್ಲಿ ಆನ್‌ಲೈನ್ ಜೂಜಿನ ವಿರುದ್ಧ ತಂದ ತಿದ್ದುಪಡಿಯ ಮುಖ್ಯ ಕಲಮುಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಗೊಳಿಸಿತು. ಕುದುರೆ ಓಟವು ಕೌಶಲದ ಆಟವೆಂದು 1996ರಲ್ಲೇ ಸುಪ್ರೀಮ್ ಕೋರ್ಟ್ ಹೇಳಿದೆ. ಒಂದು ಸರಕಾರ ಮುಚ್ಚಿದ ಬಾಗಿಲನ್ನು ಇನ್ನೊಂದು ಸರಕಾರ ತೆರೆಯಬಹುದು. ಖಜಾನೆ ಬರಿದಾದಾಗ ನಿನ್ನೆಯ ಅಪರಾಧ ಇಂದಿನ ಆದಾಯ ಮೂಲವಾಗಬಹುದು. ಸತ್ಯವಿಶ್ವಾಸಿಯ ಹಲಾಲ್-ಹರಾಮ್‌ಗಳು ಬಜೆಟ್‌ನೊಂದಿಗೆ ಬದಲಾಗುವಂತಹವಲ್ಲ.

ಆದ್ದರಿಂದ ಸರಕಾರದತ್ತ ಮುಖಮಾಡಿ ಕುಳಿತರೆ ಸಾಲದು. ಜುಮಾ ಖುತ್ಬಾಗಳಲ್ಲಿ ಮದ್ಯದ ಬಗ್ಗೆ ಮಾತನಾಡುವ ನಾವು, ಅದರ ಜೊತೆಯಲ್ಲೇ ಹೆಸರಿಸಲ್ಪಟ್ಟ ಜೂಜಿನ ಬಗ್ಗೆ ಏಕೆ ಮೌನ? ಕುಡಿದವನ ಬಾಯಿ ವಾಸನೆ ಬರುತ್ತದೆ. ಮೊಬೈಲಿನಲ್ಲಿ ಸೋತವನ ಬಾಯಿ ವಾಸನೆ ಬರುವುದಿಲ್ಲ. ಪತ್ನಿಯ ಮಹರ್‌ನ ಚಿನ್ನ ಅಡವು ಅಂಗಡಿ ಸೇರಿದ ಮೇಲೆಯೇ ಮನೆಗೆ ಸುದ್ದಿ ತಿಳಿಯುತ್ತದೆ. ಆಗ ಆತನನ್ನು ಜಮಾಅತ್ ಮುಂದೆ ನಿಲ್ಲಿಸಿ ಅವಮಾನಿಸಿದರೆ ಆತ ಇನ್ನಷ್ಟು ಕತ್ತಲೆಗೆ ಸರಿಯುತ್ತಾನೆ. ಝಕಾತ್‌ನ ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರನ್ನೂ ಕುರ್‌ಆನ್ ಸೇರಿಸಿದೆ. ಪಾಪದ ದಾರಿಯಲ್ಲಿ ಸಾಲಗಾರನಾದವನು ಮನಃಪೂರ್ವಕ ತೌಬಾ ಮಾಡಿದರೆ ಅವನಿಗೂ ನೆರವಾಗಬಹುದೆಂದು ಹೇಳಿದ ವಿದ್ವಾಂಸರಿದ್ದಾರೆ. ಮೊಹಲ್ಲಾ ಸಮಿತಿಗಳು ಸ್ಥಳೀಯ ಉಲಮಾಗಳೊಂದಿಗೆ ಕುಳಿತು ಇದಕ್ಕೊಂದು ವ್ಯವಸ್ಥೆ ರೂಪಿಸಲಿ. ಹಣ ಆತನ ಕೈಗೆ ಹೋಗದೆ ನೇರವಾಗಿ ಸಾಲ ಕೊಟ್ಟವನಿಗೆ ತಲುಪಲಿ. ವಿದೇಶಕ್ಕೆ ಹೊರಟ ಮಗನ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ತುಂಬುವ ತಾಯಂದಿರು, ಅಲ್ಲಿನ ಕಾನೂನು ಒಪ್ಪಿದ್ದನ್ನೆಲ್ಲ ಅಲ್ಲಾಹನು ಒಪ್ಪಿಲ್ಲ ಎಂಬ ಒಂದು ಮಾತನ್ನೂ ಅವನ ಕಿವಿಗೆ ಹಾಕಲಿ.

ಒಂಟಾರಿಯೊದ ಸರಕಾರವು 19 ವರ್ಷದ ಯುವಕನಿಗೆ ಪಣ ಕಟ್ಟುವ ಹಕ್ಕನ್ನು ಕೊಟ್ಟಿದೆ. ಅದನ್ನು ಬೇಡವೆನ್ನುವ ಶಕ್ತಿಯನ್ನು ಕೊಡುವುದು ಸರಕಾರದ ಕೈಯಲ್ಲಿಲ್ಲ. ಅದನ್ನು ಮನೆ ಮತ್ತು ಮಸೀದಿಗಳೇ ಕೊಡಬೇಕು.