ಸ್ಲೈಗೋ ಸೀಮೆಯ ವಿಹಾರ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಉಪಾಧ್ಯಾಯ ವೃತ್ತಿಯಲ್ಲಿದ್ದಷ್ಟು ಕಾಲವೂ ನಾವು ಎರಡನೆಯದನ್ನೇ ನಂಬಿಕೊಂಡಿದ್ದೆವು. ನಿವೃತ್ತರಾದ ಮೇಲೆ ಮೊದಲನೆಯದಕ್ಕೂ ಯೋಗ ಕೂಡಿಬಂದಿತು. ನಮ್ಮ ಮಗಳೂ ಅಳಿಯಂದಿರೂ ಐರ್ಲೆಂಡಿನ ಸ್ಲೈಗೋ ಪಟ್ಟಣದಲ್ಲಿ ಉದ್ಯೋಗದಲ್ಲಿರುವುದರಿಂದ, ಕಳೆದ ಬೇಸಗೆಯಲ್ಲಿ ನಾವೂ ನಮ್ಮ ಮನೆಯವರೂ ಆರು ವಾರ ಅಲ್ಲಿದ್ದು ಬಂದೆವು. ಅಲ್ಲಿ ಕಂಡುದನ್ನು ಬರೆಯಬೇಕೆಂದು ವಾಚಕರಲ್ಲಿ ಕೆಲವರು ಕೇಳಿರುವರು. ಕಂಡುದರ ಜೊತೆಗೆ ಕಲಿತುದೂ ಒಂದುಂಟು. ಅದನ್ನೂ ಮರೆಮಾಚದೆ ಹೇಳುವೆವು.

ಸ್ಲೈಗೋ ಎಂಬುದು ಐರ್ಲೆಂಡಿನ ವಾಯವ್ಯ ಭಾಗದಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಎದುರಾಗಿರುವ ಸೀಮೆ. ಅದರ ಮುಖ್ಯ ಪಟ್ಟಣಕ್ಕೂ ಅದೇ ಹೆಸರು. ರಾಜಧಾನಿಯಾದ ಡಬ್ಲಿನ್ನಿನಿಂದ ರೈಲಿನಲ್ಲಿ ಸುಮಾರು ಮೂರು ಗಂಟೆಯ ಪ್ರಯಾಣ. ಐರಿಷ್ ನುಡಿಯಲ್ಲಿ ಈ ಹೆಸರಿಗೆ ಚಿಪ್ಪುಗಳು ತುಂಬಿದ ಎಡೆ ಎಂದರ್ಥವಂತೆ. ಸಂಸ್ಕೃತದಲ್ಲಾದರೆ ಶುಕ್ತಿಮತಿ ಎನ್ನಬೇಕು. ಮಹಾಭಾರತದಲ್ಲಿ ಚೇದಿದೇಶದ ನಗರಕ್ಕೆ ಇದೇ ಹೆಸರಿರುವುದು. ಇಷ್ಟು ದೂರದ ಊರಿಗೆ ಪರಿಚಿತವಾದ ಹೆಸರೊಂದು ಸಿಕ್ಕಿದ ಕೂಡಲೇ ನಮಗೆ ಅರ್ಧ ಪರದೇಶಭಾವ ಕಳೆಯಿತು. ಉಳಿದರ್ಧವನ್ನು ಅಲ್ಲಿಯ ಮಳೆಗಾಳಿ ಕಾಪಾಡಿಕೊಂಡಿತು. ಜೂನ್ ತಿಂಗಳಿನಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುವುದು. ಆದರೆ ಬೇಸಗೆಯೆಂದು ಮಳೆಯಂಗಿಯನ್ನು ಮನೆಯಲ್ಲಿ ಬಿಟ್ಟು ಹೊರಟವನು ನೆನೆಯದೆ ಹಿಂದಿರುಗುವುದು ಅಪರೂಪ.

ಪಟ್ಟಣದ ಪಡುವಣಕ್ಕೆ ಎಂಟು ಕಿಲೋಮೀಟರಿನಷ್ಟು ಹೋದರೆ ಸ್ಟ್ರಾಂಡ್‌ಹಿಲ್ ಎಂಬ ಕಡಲತಡಿಯ ಹಳ್ಳಿ. ತರುಣರು ಇಲ್ಲಿ ಹಲಗೆಯ ಮೇಲೆ ನಿಂತು ಅಲೆಯೇರಿ ಬರುವ ಆಟವನ್ನು ಕಲಿಯುವರು. ಆದರೆ ಸೆಳೆತ ಬಲವಾದುದರಿಂದ ಅದೇ ದಡದಲ್ಲಿ ಈಜಲು ಇಳಿಯುವುದು ಅಪಾಯಕರ. ನಮ್ಮಂತಹ ವಯಸ್ಸಾದವರಿಗೆ ಕಡಲಪಾಚಿಯ ಸ್ನಾನವುಂಟು. ಬಿಸಿಯಾದ ಸಮುದ್ರದ ನೀರಿನ ತೊಟ್ಟಿಯಲ್ಲಿ ಪಾಚಿಯನ್ನು ಹಾಕಿರುವರು. ಅದು ಲೋಳೆಬಿಟ್ಟು ಎಣ್ಣೆ ಸವರಿದಂತೆ ಮೈಗೆ ಹತ್ತುವುದು. ನಮ್ಮ ಮನೆಯವರು ಮೊದಲು ಮೂಗು ಮುಚ್ಚಿಕೊಂಡರು. ಆಮೇಲೆ ದೀಪಾವಳಿಯ ಅಭ್ಯಂಜನಕ್ಕೆ ಇದು ಸರಿಗಟ್ಟಲಾರದಾದರೂ ಮಂಡಿಯ ನೋವಿಗೆ ಹಿತವೆಂದು ಒಪ್ಪಿದರು.

ಸಮೀಪದಲ್ಲಿಯೇ ಕೋನಿ ಎಂಬ ದ್ವೀಪವಿದೆ. ಕಡಲು ಇಳಿದಾಗ ಮರಳಿನ ಮೇಲೆ ನಡೆದೇ ಅಲ್ಲಿಗೆ ಹೋಗಬಹುದು. ದಾರಿ ತಪ್ಪದಂತೆ ೧೪ ಕಲ್ಲಿನ ಕಂಬಗಳನ್ನು ನಿಲ್ಲಿಸಿರುವರು. ಕಡಲು ಏರಿತೆಂದರೆ ದಾರಿ ನೀರಿನ ಪಾಲು; ಇಳಿಯುವವರೆಗೆ ಕಾಯಬೇಕು. ಹೊರಡುವ ಮುನ್ನ ಏರಿಳಿತದ ವೇಳೆಯನ್ನು ವಿಚಾರಿಸದವನಿಗೆ ಅಲ್ಲಿ ವಿಹಾರವಿಲ್ಲ, ವನವಾಸವೇ.

ಇನ್ನು ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದುದು ನಾಕ್‌ನರೇ ಬೆಟ್ಟ. ಎತ್ತರ ೩೨೭ ಮೀಟರು; ನಿಧಾನವಾಗಿ ಹತ್ತಿದರೆ ನಮ್ಮ ವಯಸ್ಸಿನವರಿಗೂ ಅಸಾಧ್ಯವಲ್ಲ. ನೆತ್ತಿಯ ಮೇಲೆ ಬಿಡಿಗಲ್ಲುಗಳನ್ನು ಒಟ್ಟಿದ ಮಹಾರಾಶಿಯೊಂದಿದೆ: ಸುಮಾರು ೫೫ ಮೀಟರು ಅಗಲ, ೧೦ ಮೀಟರು ಎತ್ತರ. ಐದು ಸಾವಿರ ವರ್ಷಗಳ ಹಿಂದಿನವರು ಕಟ್ಟಿದ ಸಮಾಧಿ ಇದರೊಳಗಿರಬೇಕೆಂದು ಪ್ರಾಚ್ಯಶೋಧಕರ ಊಹೆ. ಈವರೆಗೆ ಇದನ್ನು ಯಾರೂ ಅಗೆದು ನೋಡಿಲ್ಲ. ಜನರ ಕಥೆಯಲ್ಲಿ ಇದು ಕನಾಟ್ ಸೀಮೆಯ ರಾಣಿ ಮೇವಳ ಗೋರಿ. ಉತ್ತರದ ಶತ್ರುಗಳಿಗೆ ಇದಿರಾಗಿ, ಕೈಯಲ್ಲಿ ಭಲ್ಲೆ ಹಿಡಿದು, ನಿಂತ ನಿಲುವಿನಲ್ಲಿಯೇ ಅವಳನ್ನು ಹೂಳಿದರಂತೆ. ಬೆಟ್ಟದ ಬುಡದ ಬಯಲಾದ ಕ್ಯಾರೊಮೋರಿನಲ್ಲಿಯೂ ಅಂತಹ ಪುರಾತನ ಗೋರಿಗಳು ಮೂವತ್ತರಷ್ಟು ಉಳಿದಿವೆ.

ಹತ್ತುವವರು ಕೆಳಗಿನಿಂದ ಕಲ್ಲೊಂದನ್ನು ಒಯ್ದು ರಾಶಿಗೆ ಸೇರಿಸುವುದು ಹಿಂದಿನ ವಾಡಿಕೆ. ಕಲ್ಲನ್ನು ತೆಗೆದುಕೊಂಡು ಹೋದವನಿಗೆ ಕೇಡೆಂದು ನಂಬಿಕೆ. ಈಗಲಾದರೋ ರಾಶಿಯ ಮೇಲೆ ಹತ್ತಲೇಬಾರದೆಂದು ಕೋರುವ ಫಲಕವನ್ನು ಹಾಕಿರುವರು. ನೋಡಲು ಬಂದವರ ಕಾಲಡಿಯಲ್ಲಿ ಕಲ್ಲುಗಳು ಜಾರಿ ಉರುಳಿ, ಸಾವಿರಾರು ವರ್ಷ ಗಾಳಿಮಳೆಗೆ ನಿಂತುದು ನಮ್ಮ ಕಾಲದಲ್ಲಿ ಸವೆಯುತ್ತಿರುವುದು. ಇಷ್ಟಾದರೂ ನಾವು ಹೋದ ದಿನ ನಾಲ್ಕಾರು ಮಂದಿ ತುದಿಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು.

ನಮ್ಮ ಮೊಮ್ಮಗಳು ಎಂಟು ವರ್ಷದವಳು. ನಿಂಬೆಹಣ್ಣಿನಷ್ಟು ಬಿಳಿಗಲ್ಲೊಂದನ್ನು ರಾಶಿಯ ಅಂಚಿನಿಂದ ಆರಿಸಿ, "ತಾತ, ಇಷ್ಟೊಂದು ಕಲ್ಲಿದೆಯಲ್ಲ, ಒಂದು ತಗೊಂಡರೆ ಯಾರಿಗೆ ಗೊತ್ತಾಗುತ್ತೆ?" ಎಂದಳು. ಮೂವತ್ತೈದು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದ ಬಾಯಿ ಕಟ್ಟಿತು. ಕಾರಣವೇನೆಂದರೆ, ಇಪ್ಪತ್ತರ ಹರೆಯದಲ್ಲಿ ನಾವೂ ಹೀಗೆಯೇ ಪಾಳುಬಿದ್ದ ಗುಡಿಯೊಂದರಿಂದ ತಾವರೆಯ ಎಸಳು ಕೆತ್ತಿದ ಕಲ್ಲಿನ ಚೂರನ್ನು ತಂದಿದ್ದೆವು. ನಾಲ್ವತ್ತು ವರ್ಷದಿಂದ ಅದು ನಮ್ಮ ಮೇಜಿನ ಮೇಲೆ ಕಾಗದ ಹಾರದಂತೆ ಕುಳಿತಿರುವುದು. ಈ ಅಂಕಣದ ಎಷ್ಟೋ ಹಿತವಚನಗಳು ಅದರ ಭಾರದ ಕೆಳಗೇ ಇದ್ದವು! ಮಗುವಿಗೆ ಉಪದೇಶ ಮಾಡಲು ನಾಚಿಕೆಯಾಗಿ, ನಡೆದುದನ್ನೇ ಹೇಳಿಬಿಟ್ಟೆವು. ಅವಳು ಸ್ವಲ್ಪ ಯೋಚಿಸಿ, ತನ್ನ ಕಲ್ಲನ್ನು ಇದ್ದಲ್ಲಿಯೇ ಇಟ್ಟು, "ನೀವೂ ಊರಿಗೆ ಹೋದಮೇಲೆ ವಾಪಸ್ ಇಟ್ಟುಬಿಡಿ, ತಾತ" ಎಂದಳು.

ಮರುವಾರ ಡ್ರಮ್‌ಕ್ಲಿಫ್ ಎಂಬಲ್ಲಿಗೆ ಹೋದೆವು. ಮೇಜಿನಂತೆ ಚಪ್ಪಟೆ ನೆತ್ತಿಯ ಬೆನ್‌ಬಲ್ಬನ್ ಬೆಟ್ಟದ ಅಡಿಯಲ್ಲಿ, ಚರ್ಚಿನ ಅಂಗಳದಲ್ಲಿ, ಕವಿ ಯೇಟ್ಸರ ಸಮಾಧಿಯಿದೆ. ತಾಯಿಯ ಕಡೆಯವರು ಸ್ಲೈಗೋದವರಾದುದರಿಂದ ಅವರ ಬಾಲ್ಯದ ಬಹುಭಾಗ ಇಲ್ಲಿ ಕಳೆಯಿತು. ೧೯೩೯ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ ಅವರನ್ನು ೧೯೪೮ರಲ್ಲಿ ಇಲ್ಲಿಗೆ ತಂದರು. ರವೀಂದ್ರರ ಇಂಗ್ಲಿಷ್ ಗೀತಾಂಜಲಿಗೆ ೧೯೧೨ರಲ್ಲಿ ಮುನ್ನುಡಿ ಬರೆದವರು ಇವರೇ. ಪುರೋಹಿತಸ್ವಾಮಿಗಳೊಡನೆ ಕೂಡಿ ಇವರು ಇಂಗ್ಲಿಷಿಗೆ ತಂದ ಹತ್ತು ಉಪನಿಷತ್ತುಗಳು ೧೯೩೭ರಲ್ಲಿ ಪ್ರಕಟವಾದುವು. ಅವುಗಳಲ್ಲಿ ಈಶಾವಾಸ್ಯವೂ ಒಂದು. ತ್ಯಾಗದಿಂದಲೇ ಭೋಗವೆಂಬ ಅದರ ಉಪದೇಶವನ್ನು ನಾವು ತರಗತಿಯಲ್ಲಿ ಎಷ್ಟು ಸಲ ಅನ್ವಯ ಸಹಿತ ವಿವರಿಸಿದ್ದೆವೋ ಲೆಕ್ಕವಿಲ್ಲ. ಅರ್ಥ ಹೇಳಿದವರು ನಾವು. ಆಚರಿಸಿ ತೋರಿಸಿದವಳು ಬೆಟ್ಟದ ಮೇಲಿನ ಆ ಮಗು.

ಊರಿಗೆ ಬಂದ ಮೊದಲ ಭಾನುವಾರವೇ ಆ ಚೂರನ್ನು ಗುಡಿಗೆ ಒಯ್ದೆವು. ಈಗ ಅಲ್ಲಿ ಜೀರ್ಣೋದ್ಧಾರವಾಗಿದೆ. ಮುರಿದಿದ್ದೆಡೆಗಳಿಗೆ ಗಾರೆ ಮೆತ್ತಿರುವರು. ಚೂರು ಯಾವ ಕಂಬದ್ದೆಂದು ಎಷ್ಟು ಹುಡುಕಿದರೂ ತಿಳಿಯಲಿಲ್ಲ. ಕೊನೆಗೆ ಅರ್ಚಕರ ಕೈಗೆ ಒಪ್ಪಿಸಿ ಬಂದೆವು. ತೆಗೆಯುವುದು ಒಂದು ಗಳಿಗೆಯ ಕೆಲಸ. ಇದ್ದಲ್ಲಿಗೆ ಮರಳಿ ಸೇರಿಸುವುದು ನಮ್ಮಿಂದಾಗದು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುವ ವಾಚಕರು ಬುತ್ತಿಯ ಜೊತೆಗೆ ಈ ಮಾತನ್ನೂ ಕಟ್ಟಿಕೊಂಡು ಹೋಗುವರೆಂದು ನಂಬಿರುವೆವು.